ಪೀಣ್ಯದ ಶೆಡ್ಡುಗಳಿಂದ ಕಪ್ಪುಕುಳಿಯ ಅಂಚಿಗೆ

ಬೇಸಿಗೆಯ ಇರುಳಿನಲ್ಲಿ ಹರಿಹರಪುರದ ತುಂಗಾತೀರದಿಂದ ದಕ್ಷಿಣಕ್ಕೆ ನೋಡಿದರೆ ವೃಶ್ಚಿಕ ರಾಶಿಯ ಕೆಂಪು ಜ್ಯೇಷ್ಠಾ ನಕ್ಷತ್ರ ಸುಲಭವಾಗಿ ಗುರುತು ಸಿಗುತ್ತದೆ. ಆದರೆ ಅದೇ ರಾಶಿಯ ಸ್ಕಾರ್ಪಿಯಸ್ ಎಕ್ಸ್-1 ಎಂಬ ಪ್ರಖರ ಎಕ್ಸ್‌ರೇ ಆಕರ ಬರಿಗಣ್ಣಿಗೆ ಕಾಣುವುದಿಲ್ಲ, ಅದರ ಎಕ್ಸ್‌ರೇಗಳನ್ನು ವಾತಾವರಣವೇ ಹೀರಿಕೊಳ್ಳುವುದರಿಂದ ನೆಲದ ಮೇಲಿನ ಉಪಕರಣಗಳಿಗೂ ಅವು ದಕ್ಕುವುದಿಲ್ಲ. 1962ರಲ್ಲಿ ರಿಕಾರ್ಡೊ ಜಿಯಾಕೋನಿ ತಂಡದ ರಾಕೆಟ್ ಅದನ್ನು ಪತ್ತೆಹಚ್ಚಿತು. ಅಲ್ಲಿರುವುದು ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ತಾರೆಯ ಅತಿಸಾಂದ್ರ ತಿರುಳು. ಅದು ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆಯುವಾಗ ಆ ಅನಿಲ ತಟ್ಟೆಯಾಕಾರದಲ್ಲಿ ಸುತ್ತುತ್ತ, ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್‌ರೇ ಸೂಸುತ್ತದೆ.

ಇಂಥ ಆಕರಗಳನ್ನು ಅರಸುವ ಎಕ್ಸ್‌ರೇ ಖಗೋಳಶಾಸ್ತ್ರ ಭಾರತದಲ್ಲಿ ಬೇರೂರುವುದರಲ್ಲಿ ಇಬ್ಬರು ಕನ್ನಡಿಗರ ಪಾತ್ರ ದೊಡ್ಡದು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಬಲೂನು ಪ್ರಯೋಗಗಳನ್ನು ಬೆಳೆಸಿದರೆ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ತುಂಬಾ ಉಡಾವಣಾ ಕೇಂದ್ರದ ರಾಕೆಟ್‌ಗಳಲ್ಲಿ ಉಪಕರಣ ಕಳುಹಿಸಿ, ಬಳಿಕ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದರು. 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆ ಉಪಗ್ರಹದ ಎಕ್ಸ್‌ರೇ ಪ್ರಯೋಗ ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ನಿಂತುಹೋಯಿತಾದರೂ, ಉಪಕರಣ ಕಟ್ಟುವ ಕೈಗಳು ಪಳಗಿದವು. ದೀರ್ಘಕಾಲದ ಲಾಭ ಅದೇ ಎನ್ನಬೇಕು.

ಆ ಪಳಗಿಕೆಯ ಫಲ 1996ರಲ್ಲಿ ಕಂಡಿತು. ಭೂಮಿಯನ್ನು ನೋಡಲೆಂದೇ ಹಾರಿದ ಐಆರ್‌ಎಸ್-ಪಿ3 ಉಪಗ್ರಹದಲ್ಲಿ, ಟಾಟಾ ಸಂಸ್ಥೆ ಮತ್ತು ಇಸ್ರೋ ಉಪಗ್ರಹ ಕೇಂದ್ರ ಸೇರಿ ರೂಪಿಸಿದ ಎಕ್ಸ್‌ರೇ ಶೋಧಕಗಳಿಗೂ ಜಾಗ ಸಿಕ್ಕಿತ್ತು. ಜಿಆರ್‌ಎಸ್ 1915+105 ಎಂಬ ಕಪ್ಪುಕುಳಿಯತ್ತ ತಿರುಗಿದ ಇವು ವಿಚಿತ್ರ ಸ್ಫೋಟಗಳ ಸಾಲನ್ನೇ ದಾಖಲಿಸಿದವು: ಪ್ರಕಾಶ ನಿಧಾನವಾಗಿ ಏರಿ, ಥಟ್ಟನೆ ಕುಸಿಯುತ್ತಿತ್ತು. ನ್ಯೂಟ್ರಾನ್ ನಕ್ಷತ್ರದ ಗಟ್ಟಿ ಮೈಗೆ ಬಡಿದ ಅನಿಲ ತನ್ನ ಶಕ್ತಿಯನ್ನು ಹೊರಸೂಸಲೇಬೇಕು. ಕಪ್ಪುಕುಳಿಗೆ ಅಂಥ ಮೈಯಿಲ್ಲ, ಹಿಂದಿರುಗಲಾಗದ ಗಡಿಯಷ್ಟೇ ಇದೆ. ಆ ಗಡಿ ದಾಟಿದ ವಸ್ತು ಶಕ್ತಿಸಮೇತ ಕಣ್ಮರೆಯಾದದ್ದೇ ಕುಸಿತಕ್ಕೆ ಕಾರಣವೆಂದು ತಂಡ ಅರ್ಥೈಸಿತು. ಇದು ಕಡೆಯ ಮಾತಲ್ಲ, ಆದರೆ ಧೈರ್ಯದ ಮಾತು.

ಮುಂದೆ 2015ರ ಸೆಪ್ಟೆಂಬರ್ 28ರಂದು ಖಗೋಳ ವೀಕ್ಷಣೆಗೆಂದೇ ರೂಪಿಸಿದ ಆಸ್ಟ್ರೋಸ್ಯಾಟ್ ಉಪಗ್ರಹ ಹಾರಿತು. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್. ಎರಡನೆಯದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ 'ಪೋಲಿಕ್ಸ್' ಉಪಕರಣವಿದೆ: ನಡುವಿನ ಹಗುರ ಧಾತುವಿನ ಬಿಲ್ಲೆಗೆ ತಾಗಿ ಚದುರಿದ ಎಕ್ಸ್‌ರೇಗಳನ್ನು ಸುತ್ತಲಿನ ನಾಲ್ಕು ಶೋಧಕಗಳು ಎಣಿಸುತ್ತವೆ, ಯಾವ ದಿಕ್ಕಿಗೆ ಹೆಚ್ಚು ಚದುರಿದವೆಂಬುದರಿಂದ ಕಿರಣಗಳ ಧ್ರುವೀಕರಣ, ಅಂದರೆ ಅವುಗಳ ಕಂಪನದ ದಿಕ್ಕು, ತಿಳಿಯುತ್ತದೆ.

ಆಸ್ಟ್ರೋಸ್ಯಾಟ್ ದತ್ತಾಂಶ ಬೆಂಗಳೂರು ಸಮೀಪದ ಬ್ಯಾಲಾಳಿನ ಕೇಂದ್ರದಲ್ಲಿ ಸಂಗ್ರಹವಾಗಿದ್ದು, ನಿಗದಿತ ಅವಧಿಯ ಬಳಿಕ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ನಮ್ಮ ಪದವಿ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಅದನ್ನು ಬಳಸಿಕೊಳ್ಳಬೇಕು.