ಅಂಜಿಕೆಯ ಬಗೆಗಳು

ಅಂಜಿಕೆಯೆಲ್ಲವೂ ಒಂದೇ ಅಲ್ಲವೆಂಬುದನ್ನು ಅಲಂಕಾರಶಾಸ್ತ್ರವನ್ನೋದಿದವರು ಬಲ್ಲರು. ಭರತಮುನಿಯು ಭಯವನ್ನು ಸ್ಥಾಯಿಭಾವಗಳಲ್ಲಿಯೂ, ಶಂಕೆ, ತ್ರಾಸ, ಚಿಂತೆಗಳನ್ನು ವ್ಯಭಿಚಾರಿಭಾವಗಳಲ್ಲಿಯೂ ಎಣಿಸಿರುವನು. ಇದನ್ನು ಬಾಯಿಪಾಠ ಮಾಡಿದ್ದ ನಮಗೆ, ತರಗತಿಯಲ್ಲಿ ಕುಳಿತಿದ್ದ ಅಂಜಿಕೆಯು ಮಾತ್ರ ಕಾಣಿಸಲಿಲ್ಲ.

ನಮ್ಮಲ್ಲಿ ಓದುತ್ತಿದ್ದ ಹುಡುಗನೊಬ್ಬನು ಬರೆವಣಿಗೆಯಲ್ಲಿ ಎಲ್ಲರಿಗಿಂತ ಮುಂದು. ಎದ್ದುನಿಂತು ಓದೆಂದರೆ ಮುಖ ಕೆಂಪೇರಿ, ಕೈ ನಡುಗಿ, ಸ್ವರವೇ ಹೊರಡದು. ವಾಚನದ ದಿನ ಹೊಟ್ಟೆನೋವೆಂದು ಮನೆಯಲ್ಲಿಯೇ ಉಳಿಯುವನು. ನಾವು ಅದನ್ನು ಸೋಮಾರಿತನವೆಂದು ಬಗೆದು, ಒಂದು ದಿನ ಎಲ್ಲರೆದುರಿಗೆ ನಿಲ್ಲಿಸಿ ಗದರಿದೆವು. ಮರುವಾರ ಅವನು ಶಾಲೆಯನ್ನೇ ಬಿಟ್ಟನು. ನಾಲ್ವರ ಕಣ್ಣಿಗೆ ಬಿದ್ದು ನಗೆಪಾಟಲಾದೇನೆಂಬ ಈ ಭೀತಿಗೆ ವೈದ್ಯರು ಸಾಮಾಜಿಕ ಆತಂಕವೆನ್ನುವರು. ಹುಟ್ಟುಸಂಕೋಚವು ಬಳಕೆಯಾದಂತೆ ಸಡಿಲುವುದುಂಟು; ಇದಾದರೋ ಆರು ತಿಂಗಳು ಮೀರಿ ನಿಂತು, ಓದು, ಉದ್ಯೋಗ, ಮದುವೆಮನೆಗಳನ್ನೇ ತಪ್ಪಿಸುವುದು.

ಇನ್ನೊಂದು ಬಗೆಯು ಹಠಾತ್ತಾಗಿ ಎರಗುವುದು. ಎದೆ ಡವಗುಟ್ಟಿ, ಉಸಿರು ಕಟ್ಟಿ, ಮೈ ಬೆವರಿ, ಇದೀಗಲೇ ಪ್ರಾಣ ಹೋಯಿತೆನ್ನಿಸುವುದು. ಕೆಲವೇ ನಿಮಿಷಗಳಲ್ಲಿ ತುದಿಗೇರಿ ಇಳಿಯುವುದು. ಇದೇ ಪ್ಯಾನಿಕ್. ಇದು ಮರುಕಳಿಸಿ, 'ಮತ್ತೆ ಬಂದೀತು' ಎಂಬ ಹೆದರಿಕೆಯು ತಿಂಗಳುಗಟ್ಟಲೆ ಕಾಡಿ, ಬಸ್ಸು ಸಂತೆಗಳನ್ನು ಬಿಡಿಸಿದರೆ ವ್ಯಾಧಿಯೆಂದು ತಿಳಿಯತಕ್ಕದ್ದು. ಆದರೆ ಮೊದಲ ಸಲದ ಎದೆನೋವನ್ನು ಮನೆಯವರೇ ಬರಿಯ ಭಯವೆಂದು ತೀರ್ಮಾನಿಸಲಾಗದು, ಆಸ್ಪತ್ರೆಗೇ ಹೋಗಬೇಕು.

ಮನೆಗಳಲ್ಲಿ ಹೆಚ್ಚಾಗಿ ಮರೆಯಾಗಿರುವುದು ಮತ್ತೊಂದು. ಮಗನ ಪ್ರಯಾಣ, ಸೊಸೆಯ ಆರೋಗ್ಯ, ತಿಂಗಳ ಖರ್ಚು, ಹೀಗೆ ಒಂದು ಚಿಂತೆ ತೀರುವುದರೊಳಗೆ ಇನ್ನೊಂದು. 'ಅಮ್ಮನ ಸ್ವಭಾವವೇ ಹಾಗೆ' ಎಂದು ಎಲ್ಲರೂ ಸುಮ್ಮನಾಗುವರು. ಅಮ್ಮನಾದರೋ ನಿದ್ರೆಗೆಟ್ಟು, ಕತ್ತು ಬಿಗಿದು, ಸಿಡುಕಿ, ದಣಿದು, ಬೆನ್ನುನೋವಿನ ಲೇಪವನ್ನು ಹಚ್ಚಿಕೊಳ್ಳುತ್ತಿರುವಳು. ಆರು ತಿಂಗಳ ಕಾಲ ಬಹುಪಾಲು ದಿನಗಳು ಹೀಗೆಯೇ ಕಳೆದು, ಚಿಂತೆಯನ್ನು ತಡೆಯಲಾಗದಿದ್ದರೆ ಅದು ಸ್ವಭಾವವಲ್ಲ. ಹಾವು, ಸೂಜಿ, ಎತ್ತರಗಳಲ್ಲಿ ಒಂದಕ್ಕೇ ಮಿತಿಮೀರಿ ಹೆದರುವವರನ್ನು ಗುರುತಿಸುವುದು ಸುಲಭ.

ಯಾವ ರಕ್ತಪರೀಕ್ಷೆಯೂ ಆತಂಕವನ್ನು ತೋರಿಸದು. ಆದರೂ ವೈದ್ಯರು ರಕ್ತವನ್ನು ತೆಗೆದರೆ ಆಕ್ಷೇಪಿಸಬಾರದು; ಥೈರಾಯಿಡ್ ಗ್ರಂಥಿಯು ಮಿತಿಮೀರಿ ಕೆಲಸಮಾಡಿದರೂ ನಡುಕ, ಎದೆಬಡಿತಗಳು ಇದರಂತೆಯೇ ತೋರುವುವು. ಕಾಫಿಯ ಅತಿಸೇವನೆಯೂ ಹಾಗೆಯೇ. (ಈ ಮಾತನ್ನು ಬರೆಯುವಾಗಲೂ ನಮ್ಮ ಪಕ್ಕದಲ್ಲಿ ಲೋಟವಿದೆ.) 2006ರಲ್ಲಿ ಪ್ರಕಟವಾದ ಏಳು ಪ್ರಶ್ನೆಗಳ ಪಟ್ಟಿಯೊಂದನ್ನು ಅನೇಕ ವೈದ್ಯರು ಬಳಸುವರು, 21ರಲ್ಲಿ 10 ಅಥವಾ ಮೇಲ್ಪಟ್ಟು ಬಂದರೆ ವಿಚಾರಣೆ ಅಗತ್ಯ. ಅದು ಸೂಚನೆಯೇ ಹೊರತು ನಿರ್ಣಯವಲ್ಲ. ನಿರ್ಣಯವಾದರೆ ಮಾತಿನ ಚಿಕಿತ್ಸೆಯೂ ಔಷಧಗಳೂ ಉಂಟು.

2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.