ಮಧುಮೇಹದ ರಕ್ತಪರೀಕ್ಷೆಯಲ್ಲಿ ವ್ಯಕ್ತಿಭೇದ

ಕಾರ್ಕಳದ ಬಾಹುಬಲಿಯ ಪ್ರತಿಷ್ಠೆಯು ಶಕವರ್ಷ 1353ರಲ್ಲಿ, ಎಂದರೆ ಕ್ರಿಸ್ತಶಕ 1432ರಲ್ಲಿ ನಡೆಯಿತು. ಅಂಕಿಗಳು ಎರಡು, ದಿನ ಒಂದೇ. ಗಣನೆಯ ಕ್ರಮವನ್ನರಿಯದೆ ಅಂಕಿಯನ್ನು ಓದಲಾಗದೆಂಬುದು ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಪರಿಚಿತವಾದ ಸಂಗತಿ. ಮಧುಮೇಹದ ರಕ್ತಪರೀಕ್ಷೆಗೂ ಇದು ಅನ್ವಯಿಸುತ್ತದೆ. ನೆರೆಯವರ ಅಂಕಿಯೊಡನೆ ತಮ್ಮದನ್ನು ಹೋಲಿಸಿ ಔಷಧವನ್ನು ಬಿಡುವವರೂ ವೃಥಾ ಭೀತಿಗೊಳ್ಳುವವರೂ ಇರುವುದರಿಂದ ಈ ವಿಷಯವು ವಿವೇಚನಾರ್ಹವಾಗಿದೆ.

ರೂಢಿಯಲ್ಲಿರುವ ಪರೀಕ್ಷೆಗಳಲ್ಲಿ ಒಂದು, ರಕ್ತದಲ್ಲಿ ಆ ಹೊತ್ತಿಗಿರುವ ಸಕ್ಕರೆಯನ್ನು ಅಳೆಯುತ್ತದೆ. ಉಪವಾಸದಲ್ಲಿ ಇದು ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲಾಗಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡುಬಂದರೆ ಮಧುಮೇಹವೆಂದು ನಿರ್ಣಯಿಸುತ್ತಾರೆ. ಕುಚ್ಚಲಕ್ಕಿಯ ಗಂಜಿಯನ್ನು ಉಂಡು ಬಂದವನ ಅಂಕಿಯೂ ಬರಿಹೊಟ್ಟೆಯಲ್ಲಿ ಬಂದವನ ಅಂಕಿಯೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ. ಜ್ವರ, ನಿದ್ರೆಗೇಡು, ಸ್ಟೀರಾಯ್ಡ್ ಔಷಧಗಳು ಸಕ್ಕರೆಯನ್ನು ಏರಿಸಬಲ್ಲವು. ಅಲ್ಲದೆ, ತೆಗೆದ ರಕ್ತವನ್ನು ಹಾಗೆಯೇ ಇರಿಸಿದರೆ ಅದರೊಳಗಿನ ಕಣಗಳು ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆಯನ್ನು ವ್ಯಯಿಸುತ್ತವೆ. ಕಾಪುವಿನಲ್ಲಿ ತೆಗೆದ ರಕ್ತವು ಎರಡು ಗಂಟೆ ತಡವಾಗಿ ಮಣಿಪಾಲದ ಪ್ರಯೋಗಾಲಯವನ್ನು ಸೇರಿತೆನ್ನೋಣ. 126 ಇದ್ದುದು ಸುಮಾರು 111 ಎಂದು ತೋರಬಹುದು. ಫ್ಲೋರೈಡ್ ಬೆರೆತ ಪ್ರನಾಳವು ಈ ನಷ್ಟವನ್ನು ತಗ್ಗಿಸುತ್ತದೆಯಾದರೂ ಒಡನೆಯೇ ತಡೆಯಲಾರದು. ಕಣಗಳನ್ನು ಬೇಗನೆ ಬೇರ್ಪಡಿಸುವುದೇ ಉತ್ತಮ.

ಇನ್ನೊಂದು ಪರೀಕ್ಷೆಯಾದ ಎಚ್‌ಬಿಎ1ಸಿ, ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯ ಪ್ರಮಾಣವನ್ನು ತಿಳಿಸುತ್ತದೆ. ಮಧುಮೇಹಿಗಳಲ್ಲಿ ಇದು ಅಧಿಕವಾಗಿರುವುದನ್ನು 1960ರ ದಶಕದ ಕೊನೆಯಲ್ಲಿ ಟೆಹರಾನಿನ ಸ್ಯಾಮ್ಯುಯಲ್ ರಹಬರ್ ಅವರು ಗುರುತಿಸಿದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶೇಕಡಾ 6.5ನ್ನು ರೋಗನಿರ್ಣಯದ ಮಿತಿಯೆಂದು ಅಂಗೀಕರಿಸಿತು. ಕೆಂಪುಕಣದ ಆಯುಸ್ಸು ಸುಮಾರು 120 ದಿನಗಳಾದುದರಿಂದ ಈ ಅಂಕಿಯು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುತ್ತದೆ.

ಆದರೆ ಆ ಆಯುಸ್ಸು ಎಲ್ಲರಲ್ಲಿಯೂ ಸಮಾನವಲ್ಲ. ಹೆಚ್ಚು ಕಾಲ ಬದುಕುವ ಕಣಕ್ಕೆ ಹೆಚ್ಚು ಸಕ್ಕರೆ ಅಂಟುತ್ತದೆ. ಆದಕಾರಣ ರಕ್ತದ ಸಕ್ಕರೆ ಒಂದೇ ಮಟ್ಟದಲ್ಲಿದ್ದರೂ ಇಬ್ಬರ ಅಂಕಿಗಳು ಭಿನ್ನವಾಗಬಹುದು. ಕಬ್ಬಿಣಾಂಶದ ಕೊರತೆಯು ಅಂಕಿಯನ್ನು ಏರಿಸಬಲ್ಲುದು. ರಕ್ತಸ್ರಾವ, ಕಣಗಳು ಬೇಗನೆ ನಾಶವಾಗುವ ರೋಗ ಮುಂತಾದುವು ಇಳಿಸಬಲ್ಲುವು. ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕಂಡುಕೊಂಡಿರುವುದರಿಂದ, ಇದನ್ನು ಅಪೂರ್ವವೆಂದು ಬದಿಗಿಡುವಂತಿಲ್ಲ.

ಹೀಗಿರಲು, ಅಂಕಿಯೊಡನೆ ಅದರ ಸಂದರ್ಭವನ್ನೂ ವೈದ್ಯರಿಗೆ ತಿಳಿಸುವುದು ಯುಕ್ತ: ಊಟದ ವೇಳೆ, ಸೇವಿಸುತ್ತಿರುವ ಔಷಧ, ರಕ್ತಹೀನತೆ ಇದೆಯೇ ಎಂಬುದು. ತಮ್ಮ ಈಚಿನ ಅಂಕಿಯನ್ನು, ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ದೊರೆತ ತಮ್ಮದೇ ಹಿಂದಿನ ಅಂಕಿಯೊಡನೆ ಹೋಲಿಸುವುದರಿಂದ ಪ್ರಯೋಜನವುಂಟು. ನೆರೆಯವರ ಅಂಕಿಯನ್ನು ನೋಡಿ ಔಷಧವನ್ನು ಬದಲಿಸುವುದು ಮಾತ್ರ ಸಲ್ಲದು.