ಟರ್ಕಿಶ್ ಮತ್ತು ಅರ್ಮೇನಿಯನ್: ನೆರೆಹೊರೆಯ ನುಡಿಗಳು, ಬೇರೆ ಬೇರೆ ಕುಲ

ಪ್ರಶ್ನೆ: ಶತಮಾನಗಳಿಂದ ಅಕ್ಕಪಕ್ಕದಲ್ಲೇ ಬಾಳಿದ ಟರ್ಕಿಶ್ ಮತ್ತು ಅರ್ಮೇನಿಯನ್ ಭಾಷೆಗಳು ಒಂದೇ ಮೂಲದವೇ?

ಉತ್ತರ: ಅಲ್ಲ. ಟರ್ಕಿಶ್ ತುರ್ಕಿಕ್ ಕುಟುಂಬದ ಭಾಷೆ. ಅರ್ಮೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ ಸ್ವತಂತ್ರ ಶಾಖೆ. ಇರಾನಿ ಭಾಷೆಗಳಿಂದ ಬಂದ ಎರವಲು ಪದಗಳು ಹೇರಳವಾಗಿರುವುದರಿಂದ ಅರ್ಮೇನಿಯನ್ನನ್ನು ಹಿಂದೆ ಇರಾನಿ ಭಾಷೆಯೆಂದೇ ಎಣಿಸಲಾಗಿತ್ತಾದರೂ, ಆ ಎಣಿಕೆ ತಪ್ಪೆಂಬುದನ್ನು ಜರ್ಮನ್ ವಿದ್ವಾಂಸ ಹೈನ್ರಿಖ್ ಹ್ಯೂಬ್ಶ್‌ಮನ್ 1875ರಲ್ಲಿ ತೋರಿಸಿಕೊಟ್ಟನು. ಮಗಳು ಎಂಬರ್ಥದ ಅರ್ಮೇನಿಯನ್ 'ದುಸ್ತ್ರ್' ಸಂಸ್ಕೃತದ 'ದುಹಿತೃ'ವಿನ ಜ್ಞಾತಿಪದ, ಅಂದರೆ ಒಂದೇ ಬೇರಿನಿಂದ ಕವಲೊಡೆದ ಪದ.

ಟರ್ಕಿಶ್‌ನ 'ಎವ್' (ಮನೆ) ಎಂಬ ಪದಕ್ಕೆ ಬಹುವಚನ, ವಿಭಕ್ತಿ ಪ್ರತ್ಯಯಗಳು ಒಂದರ ಹಿಂದೊಂದು ಸೇರಿ 'ಎವ್‌ಲೆರ್‌ದೆ' ಎಂದಾಗುವ ಬಗೆ ಕನ್ನಡದ 'ಮನೆಗಳಲ್ಲಿ'ಯನ್ನೇ ಹೋಲುತ್ತದೆ. ಆದರೆ 'ಅತ್' (ಕುದುರೆ) 'ಅತ್‌ಲಾರ್' ಆಗುವಂತೆ, ಪ್ರತ್ಯಯದ ಸ್ವರವು ಮೂಲಪದದ ಸ್ವರಕ್ಕೆ ಹೊಂದಿಕೊಳ್ಳುವ ಸ್ವರಸಾಮರಸ್ಯ ಅರ್ಮೇನಿಯನ್ ವ್ಯಾಕರಣದಲ್ಲಿಲ್ಲ. ವ್ಯಾಕರಣಲಿಂಗವಂತೂ ಎರಡರಲ್ಲೂ ಇಲ್ಲ. ಇಂಡೋ-ಯುರೋಪಿಯನ್ ಭಾಷೆಯೊಂದರ ಮಟ್ಟಿಗೆ ಇದು ಗಮನಾರ್ಹವೇ.

ಅರ್ಮೇನಿಯನ್ ಲಿಪಿಯನ್ನು 405ರ ಸುಮಾರಿಗೆ ಮೆಸ್ರೋಪ್ ಮಾಶ್ಟೊಟ್ಸ್ ರೂಪಿಸಿದನು. ಟರ್ಕಿಶ್ 1928ರಲ್ಲಿ ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಗೆ ಬಂದಿತು. ಸ್ವಾರಸ್ಯವೆಂದರೆ, ಅನೇಕ ವಿದ್ವಾಂಸರು ಮೊದಲ ಟರ್ಕಿಶ್ ಕಾದಂಬರಿಯೆಂದು ಪರಿಗಣಿಸುವ, ವಾರ್ತಾನ್ ಪಾಷಾನ 'ಅಕಾಬಿ ಹಿಕಾಯೆಸಿ' 1851ರಲ್ಲಿ ಅಚ್ಚಾದದ್ದು ಅರ್ಮೇನಿಯನ್ ಲಿಪಿಯಲ್ಲಿ.